ದುಡಿಮೆಯ ತಾಸು, ಬಿಡುವಿನ ತಾಸು

2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್‌ನ ಎನ್. ಆರ್. ನಾರಾಯಣಮೂರ್ತಿಯವರು ದೇಶದ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದಾಗ ಊರಿನಲ್ಲೂ ಚರ್ಚೆಯಾಯಿತು, ಇಲ್ಲಿ ಮುಂಬಯಿಯ ಲೋಕಲ್ ಗಾಡಿಗಳಲ್ಲೂ ಆಯಿತು. ಕೆಲವರು ಚಪ್ಪಾಳೆ ತಟ್ಟಿದರು, ಕೆಲವರು ಬೈದರು. ನನಗೆ ನೆನಪಾದದ್ದು ಈ ಊರಿನ ಗಿರಣಿಗಳ ಒಂದು ಹಳೇ ಲೆಕ್ಕ. 1911ರ ಕಾರ್ಖಾನೆ ಕಾಯ್ದೆ ಬಟ್ಟೆ ಗಿರಣಿಯ ಗಂಡಾಳುಗಳನ್ನು ದಿನಕ್ಕೆ 12 ಗಂಟೆಗಿಂತ ಹೆಚ್ಚು ದುಡಿಸಕೂಡದು ಎಂದಿತು. ಆದಿತ್ಯವಾರ ಬಿಟ್ಟರೆ ವಾರಕ್ಕೆ 72 ಗಂಟೆ. 1922ರಲ್ಲಿ ಕಾಯ್ದೆ ಬದಲಾಗಿ ಅದು ವಾರಕ್ಕೆ 60 ಗಂಟೆಗೆ ಇಳಿಯಿತು. 1934ರಲ್ಲಿ 54, 1948ರಲ್ಲಿ 48. ಅಂದರೆ ಮೂರ್ತಿಯವರ 70 ಗಂಟೆ ಬೀಳುವುದು 1911ಕ್ಕೂ 1922ಕ್ಕೂ ನಡುವೆ ಎಲ್ಲೋ ಒಂದು ಕಡೆ. ಅವರು ಮುಂದಿನ ಭಾರತದ ಮಾತು ಆಡಿದ್ದರು, ಲೆಕ್ಕ ಮಾತ್ರ ನಮ್ಮ ಮುತ್ತಜ್ಜಂದಿರ ಕಾಲದ್ದಾಗಿತ್ತು.

ಕೆಲಸದ ಒತ್ತಡ ಅಂದರೆ ಕಂಪ್ಯೂಟರ್ ಬಂದ ಮೇಲೆ ಹುಟ್ಟಿದ ಕಾಯಿಲೆ ಅಂತ ನಾವೆಲ್ಲ ತಿಳಿದಿದ್ದೇವೆ. ಹೆಸರು ಹೊಸದು, ಅದು ನಿಜ. ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ 1936ರಲ್ಲಿ ಬರೆದ ಪ್ರಬಂಧದಿಂದ ‘ಸ್ಟ್ರೆಸ್’ ಎನ್ನುವ ಮಾತು ವೈದ್ಯಶಾಸ್ತ್ರದಲ್ಲಿ ಬೇರು ಬಿಡತೊಡಗಿತು. ವಿಶ್ವ ಆರೋಗ್ಯ ಸಂಸ್ಥೆ ‘ಬರ್ನ್‌ಔಟ್’ ಎಂಬುದನ್ನು ಕೆಲಸದಿಂದ ಬರುವ ಸ್ಥಿತಿ ಎಂದು ತನ್ನ ಪಟ್ಟಿಯಲ್ಲಿ ವಿವರವಾಗಿ ಬರೆದದ್ದು 2019ರಲ್ಲಿ. ಮುಂಬಯಿಯವರು ಅಷ್ಟು ವರ್ಷ ಕಾಯಲಿಲ್ಲ. ಅವರಿಗೆ ‘ಟೆನ್ಶನ್’ ಎಂಬ ಒಂದು ಶಬ್ದ ಸಾಕಾಗಿತ್ತು. ಅದಕ್ಕೂ ಮೊದಲಿನವರು, ತುಳುನಾಡಿನಿಂದ ಬಂದ ನಮ್ಮವರು, ‘ಬೇಜಾರು’ ಅನ್ನುತ್ತಿದ್ದರು. ಮಾಲಕರು ಬೈದರೂ ಬೇಜಾರು, ಊರಿನ ಕಾಗದ ಬಾರದಿದ್ದರೂ ಬೇಜಾರು, ಬೆನ್ನು ಮುರಿಯುವ ಹಾಗೆ ದುಡಿದರೂ ಬೇಜಾರು. ಆ ಬೇಜಾರನ್ನು ಅವರು ಏನು ಮಾಡಿದರು ಎನ್ನುವುದೇ ನನ್ನ ಇಲ್ಲಿಯ ವಿಷಯ.

ಮೊದಲು ಗಿರಣಿಯದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ಮುಂಬಯಿಯ ದುಡಿಮೆಯ ಗಡಿಯಾರ ಅಲ್ಲಿಂದಲೇ ಶುರು. 19ನೇ ಶತಮಾನದಲ್ಲಿ ಗಿರಣಿ ನಡೆಯುತ್ತಿದ್ದದ್ದು ಸೂರ್ಯನ ಬೆಳಕಿನಲ್ಲಿ. ಬೆಳಕು ಹರಿದಾಗ ಶುರು, ಕತ್ತಲಾದಾಗ ಬಂದ್. ವಾರದ ರಜೆ ಅಂತ ಗೊತ್ತಾದ ದಿನ ಇರಲಿಲ್ಲ. ಜ್ಯೋತಿಬಾ ಫುಲೆಯವರ ಸತ್ಯಶೋಧಕ ಸಮಾಜದವರೂ ‘ದೀನಬಂಧು’ ಪತ್ರಿಕೆಯ ಸಂಪಾದಕರೂ ಆಗಿದ್ದ ನಾರಾಯಣ ಮೇಘಾಜಿ ಲೋಖಂಡೆ 1884ರಲ್ಲಿ ಗಿರಣಿ ಕೆಲಸಗಾರರ ಸಭೆ ಸೇರಿಸಿ, ಐದು ಸಾವಿರಕ್ಕೂ ಹೆಚ್ಚು ಜನರ ಪರವಾಗಿ ಮನವಿ ಕೊಟ್ಟರು. ಮೊದಲ ಬೇಡಿಕೆಯೇ ಆದಿತ್ಯವಾರದ ರಜೆ. ಅದು ಖಂಡೋಬಾನ ವಾರ, ಅವತ್ತು ಬಿಡುವು ಬೇಕು ಎಂದು ಅವರು ವಾದಿಸಿದರೆಂದು ಇಲ್ಲಿ ಹೇಳುತ್ತಾರೆ. ಖಂಡೋಬಾ ಅಂದರೆ ಬೇರೆ ಯಾರೂ ಅಲ್ಲ, ನಮ್ಮ ಮೈಲಾರಲಿಂಗನೇ. 1890ರ ಜೂನ್‌ನಲ್ಲಿ ಮುಂಬಯಿಯ ಗಿರಣಿ ಮಾಲಕರು ವಾರದ ರಜೆ ಒಪ್ಪಿದರು, ಮರುವರ್ಷ ಅದು ಕಾಯ್ದೆಗೂ ಬಂತು.

ಆಮೇಲೆ ಕರೆಂಟು ಬಂತು. 1905ರ ಸುಮಾರಿಗೆ ಗಿರಣಿಗಳಿಗೆ ವಿದ್ಯುದ್ದೀಪ ಹಾಕಿದರು. ದೀಪ ಬಂದರೆ ಬದುಕಿಗೆ ಬೆಳಕು ಅಂತ ನಾವು ಶಾಲೆಯಲ್ಲಿ ಓದಿದ್ದು. ಗಿರಣಿಯವರಿಗೆ ಆದದ್ದು ಬೇರೆ. ಕತ್ತಲಾದರೂ ಯಂತ್ರ ನಿಲ್ಲಬೇಕಾಗಿರಲಿಲ್ಲವಾದ್ದರಿಂದ ದಿನ 14-15 ತಾಸಿಗೆ ಹಿಗ್ಗಿತು. ಗಲಾಟೆಯಾಯಿತು, ಸರಕಾರ ಒಂದು ಸಮಿತಿ, ಆಮೇಲೆ ಒಂದು ಆಯೋಗ ನೇಮಿಸಿತು, ಅದರಿಂದಲೇ ನಾನು ಮೊದಲು ಹೇಳಿದ 1911ರ ಕಾಯ್ದೆ ಬಂತು. ಈಗ ಮೊಬೈಲು ಬಂದು ಆಫೀಸಿನ ಕೆಲಸ ಮನೆಯ ಊಟದ ತಟ್ಟೆಯವರೆಗೂ ಬರುತ್ತದಲ್ಲ, ಅದು ಆ ಬಲ್ಬಿನ ಮೊಮ್ಮಗ ಅಂತ ನನಗನ್ನಿಸುತ್ತದೆ.

ಕಾಯ್ದೆ ಗಿರಣಿಯ ಗೇಟಿನೊಳಗೆ ಮಾತ್ರ ನಡೆಯುತ್ತಿತ್ತು. ಗೇಟಿನ ಹೊರಗೆ ಚಹಾದ ಅಂಗಡಿ, ಖಾನಾವಳಿ, ಉಡುಪಿ ಹೋಟೆಲು ಇದ್ದವಲ್ಲ, ಅಲ್ಲಿಗೆ ಬರಲಿಲ್ಲ. ನಮ್ಮವರು ಹೆಚ್ಚಾಗಿ ಇದ್ದದ್ದು ಅಲ್ಲಿ.

ಊರಿನ ಓದುಗರಿಗೆ ಒಂದು ಮಾತು ಹೇಳಬೇಕು. ಮುಂಬಯಿ ಕನ್ನಡಿಗ ಅಂದರೆ ಒಂದೇ ಜಾತಿಯ ಪ್ರಾಣಿಯಲ್ಲ. 1956ರವರೆಗೆ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಇವೆಲ್ಲ ಬೊಂಬಾಯಿಯ ಆಡಳಿತದಲ್ಲೇ ಇದ್ದವು. ಅಲ್ಲಿಯ ಓದಿದವರಿಗೆ ಇದು ಪರಸ್ಥಳವಲ್ಲ, ರಾಜಧಾನಿ. ಅವರು ಸರಕಾರಿ ಕಚೇರಿ, ಕಾಲೇಜು, ಬ್ಯಾಂಕುಗಳಿಗೆ ಬಂದರು. ದಕ್ಷಿಣ ಕನ್ನಡ ಮದ್ರಾಸಿನ ಕೆಳಗಿತ್ತು. ಅಲ್ಲಿಂದ ಬಂದವರು ಕಾಗದಪತ್ರದ ಬಲದಿಂದ ಬಂದವರಲ್ಲ, ಮಂಗಳೂರಿನಿಂದ ಹಡಗು ಹತ್ತಿ, ಊರಿನ ಯಾರದೋ ಬೆನ್ನು ಹಿಡಿದು ಬಂದವರು. ಮೊಗವೀರರು ಬಂದರಿಗೆ, ಹಡಗಿಗೆ, ಡಾಕ್‌ಯಾರ್ಡಿಗೆ ಸೇರಿದರು. ಬ್ರಾಹ್ಮಣ, ಬಂಟ, ಬಿಲ್ಲವ, ಗೌಡ ಸಾರಸ್ವತ ಹುಡುಗರು ಹೋಟೆಲಿಗೆ. 1974ರ ಭೂಸುಧಾರಣೆಯ ಮೇಲೆ ಗೇಣಿಯ ಅಕ್ಕಿ ನಿಂತುಹೋದ ಮನೆಗಳ ಹುಡುಗರೂ ಇದೇ ದಾರಿ ಹಿಡಿದರು.

ಹೋಟೆಲಿನ ಮಾಣಿಯ ದಿನ ಹೇಗಿತ್ತು ಎಂದು ಹಳಬರನ್ನು ಕೇಳಿದರೆ ಎಲ್ಲರೂ ಹೆಚ್ಚುಕಡಿಮೆ ಒಂದೇ ಕತೆ ಹೇಳುತ್ತಾರೆ. ಬೆಳಿಗ್ಗೆ ನಾಲ್ಕೂವರೆಗೆ ಭಟ್ಟರು ಒಲೆ ಹಚ್ಚುವಾಗ ಏಳಬೇಕು. ಐದೂವರೆಗೆ ಶಟರು ಮೇಲೆ. ಮೊದಲ ಪಾಳಿಯ ಗಿರಣಿಯವರು, ಹಾಲಿನವರು, ಟ್ಯಾಕ್ಸಿಯವರು ಬರುತ್ತಾರೆ. ಸೇರಿದ ಹೊಸತರಲ್ಲಿ ಕಪ್ಪುಬಸಿ ತೊಳೆಯುವುದು, ಆಮೇಲೆ ಟೇಬಲ್ ಒರೆಸುವುದು, ಆಮೇಲೆ ನೀರು ಇಡುವುದು, ಒಂದೆರಡು ವರ್ಷದ ಮೇಲೆ ಸಪ್ಲಾಯರ್. ಅದೃಷ್ಟ ಖುಲಾಯಿಸಿದರೆ ಒಂದು ದಿನ ಗಲ್ಲಾ. ರಾತ್ರಿ ಹನ್ನೊಂದಕ್ಕೆ ನೆಲ ತೊಳೆದು, ಅದೇ ನೆಲ ಒಣಗಿದ ಮೇಲೆ ಅಥವಾ ಟೇಬಲ್ ಜೋಡಿಸಿ ಅದರ ಮೇಲೆ ಮಲಗುವುದು. ಮನೆಯೂ ಕೆಲಸದ ಜಾಗವೂ ಒಂದೇ ಆದ್ದರಿಂದ ಕೆಲಸ ಮುಗಿಸಿ ಮನೆಗೆ ಹೋಗುವುದು ಅನ್ನುವ ಮಾತೇ ಇರಲಿಲ್ಲ. ಊಟ, ಚಹಾ, ಮಲಗಲು ಜಾಗ ಮಾಲಕರದ್ದು. ಪಗಾರ ಕೈಗೆ ಬರುತ್ತಿರಲಿಲ್ಲ, ಮಾಲಕರ ಪುಸ್ತಕದಲ್ಲಿ ಜಮಾ ಆಗುತ್ತಿತ್ತು, ಅಲ್ಲಿಂದ ಮನಿಯಾರ್ಡರಾಗಿ ಊರಿಗೆ ಹೋಗುತ್ತಿತ್ತು. ಎಷ್ಟೋ ಹುಡುಗರಿಗೆ ವಯಸ್ಸು ಹತ್ತೋ ಹನ್ನೆರಡೋ. ಹದಿನಾಲ್ಕರ ಒಳಗಿನ ಮಕ್ಕಳನ್ನು ಹೋಟೆಲಿನಲ್ಲಿ ದುಡಿಸಬಾರದೆಂಬ ನಿಷೇಧ ಜಾರಿಗೆ ಬಂದದ್ದು 2006ರ ಅಕ್ಟೋಬರ್ 10ರಂದು. ಅಷ್ಟರೊಳಗೆ ನಮ್ಮ ಜನರ ಮೂರು ತಲೆಮಾರು ಕಪ್ಪುಬಸಿ ತೊಳೆದು ಮುಗಿಸಿತ್ತು.

ಕಾಯ್ದೆ ಇವರ ಹತ್ತಿರ ಬಂದದ್ದು 1939ರಲ್ಲಿ. ಅಂಗಡಿ, ಹೋಟೆಲುಗಳ ದುಡಿಮೆಯ ವೇಳೆಗೆ ಮಿತಿ ಹಾಕಿದ ದೇಶದ ಮೊದಲ ಕಾಯ್ದೆ ಅದು, ಬೊಂಬಾಯಿ ಪ್ರಾಂತದ್ದು. 1948ರಲ್ಲಿ ಅದರ ಜಾಗದಲ್ಲಿ ಇನ್ನೂ ವಿಸ್ತಾರವಾದದ್ದು ಬಂತು. ಹೋಟೆಲಿನವನಿಗೆ ದಿನಕ್ಕೆ 9 ಗಂಟೆ ಕೆಲಸ, ವಾರಕ್ಕೊಂದು ರಜೆ. ಓದಿದರೆ ಚೆನ್ನಾಗಿದೆ. ಆದರೆ ಆ 9 ಗಂಟೆಯನ್ನು 14 ಗಂಟೆಯ ಉದ್ದಕ್ಕೆ ಹರಡಲು ಅದೇ ಕಾಯ್ದೆಯಲ್ಲಿ ಅವಕಾಶವಿತ್ತು. ಗಿರಾಕಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬರುತ್ತಾನೆ, ನಡುವೆ ಖಾಲಿ, ಹೋಟೆಲಿನ ಸ್ವಭಾವವೇ ಹಾಗೆ ಅಂತ ಮಾಲಕರ ವಾದ. ಸುಳ್ಳಲ್ಲ. ಆದರೆ ಮಧ್ಯಾಹ್ನ ಮೂರರಿಂದ ಐದರವರೆಗೆ ಹುಡುಗ ಎಲ್ಲಿಗೆ ಹೋಗುತ್ತಾನೆ? ಹೋಟೆಲಿನಲ್ಲೇ ಇರುತ್ತಾನೆ. ಗಿರಾಕಿ ಬಂದರೆ ಏಳುತ್ತಾನೆ. ಕಾಗದದಲ್ಲಿ ಬಿಡುವು, ಮೈಗೆ ಬಿಡುವಿಲ್ಲ. ಇನ್‌ಸ್ಪೆಕ್ಟರ್ ಬಂದ ದಿನ ಹುಡುಗರು ಹಿಂದಿನ ಬಾಗಿಲಿನಿಂದ ಹೊರಗೆ ಹೋಗುತ್ತಿದ್ದದ್ದನ್ನು ನೋಡಿದವರು ಈಗಲೂ ಇದ್ದಾರೆ, ನಗುತ್ತಲೇ ಹೇಳುತ್ತಾರೆ.

ಇಷ್ಟೆಲ್ಲದರ ನಡುವೆ ಈ ಹುಡುಗರು ಹುಚ್ಚು ಹಿಡಿಯದೆ ಉಳಿದದ್ದು ಹೇಗೆ? ನನ್ನ ಉತ್ತರ: ಸಂಜೆ ಆರೂವರೆಯಿಂದ ಒಂಬತ್ತೂವರೆ. ಅದು ರಾತ್ರಿಶಾಲೆಯ ಹೊತ್ತು.

ಮುಂಬಯಿಯ ಕನ್ನಡ ರಾತ್ರಿಶಾಲೆಗಳ ಬಗ್ಗೆ ಊರಿನಲ್ಲಿ ಗೊತ್ತಿರುವುದು ಕಡಿಮೆ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ ಹುಟ್ಟಿತು, ಕೆಲವೇ ವರ್ಷಗಳಲ್ಲಿ ದುಡಿಯುವ ಹುಡುಗರಿಗೆ ಪುಕ್ಕಟೆ ರಾತ್ರಿಶಾಲೆ ತೆರೆಯಿತು. ಆಮೇಲೆ ಬಂಟರ ಸಂಘ, ಬಿಲ್ಲವರ ಅಸೋಸಿಯೇಶನ್ ಹೀಗೆ ಒಂದೊಂದು ಸಮಾಜದವರೂ ಶಾಲೆ ನಡೆಸಿದರು. ಸ್ವಂತ ಕಟ್ಟಡ ಇಲ್ಲದ ಕಡೆ ಹಗಲು ಬೇರೆ ಶಾಲೆ ನಡೆಯುವ ಕೋಣೆಗಳೇ ರಾತ್ರಿ ಇವರಿಗೆ. ಚಿಕ್ಕಮಕ್ಕಳ ಬೆಂಚಿನಲ್ಲಿ ಮೀಸೆ ಬಂದ ಹುಡುಗರು ಮೊಣಕಾಲು ಮಡಚಿ ಕುಳಿತು ಭೂಮಿತಿ ಕಲಿತರು. ಮಾಸ್ತರರೂ ಹಗಲು ಬೇರೆ ಕಡೆ ದುಡಿದು ಬಂದವರೇ. ಇಬ್ಬರಿಗೂ ನಿದ್ದೆ. ಹಿಂದಿನ ಸಾಲಿನಲ್ಲಿ ಮಲಗಿದವನನ್ನು ಎಬ್ಬಿಸಬೇಕೋ ಬಿಡಬೇಕೋ ಎಂಬುದು ರಾತ್ರಿಶಾಲೆಯ ಮಾಸ್ತರರ ದೊಡ್ಡ ಧರ್ಮಸಂಕಟವಂತೆ.

ಇಲ್ಲಿ ಒಂದು ಗಂಟು ಇದೆ, ಅದನ್ನು ಬಿಡಿಸದೆ ಹೋಗುವ ಹಾಗಿಲ್ಲ. ಶಾಲೆಗೆ ಹಣ ಕೊಟ್ಟವರು ಯಾರು? ಬಹುಪಾಲು ಹೋಟೆಲ್ ಮಾಲಕರು. ಹುಡುಗರನ್ನು ಹದಿನಾರು ತಾಸು ಹೋಟೆಲಿನಲ್ಲಿ ಇಟ್ಟುಕೊಂಡವರು ಯಾರು? ಅವರೇ. ಸಂಜೆ ಆರೂವರೆ ಎಂದರೆ ಆಫೀಸು ಬಿಟ್ಟವರು ಚಹಾಕ್ಕೆ ಮುಗಿಬೀಳುವ ಹೊತ್ತು. ಆ ಹೊತ್ತಿನಲ್ಲಿ ಮೂವರು ಹುಡುಗರನ್ನು ಶಾಲೆಗೆ ಬಿಡುವುದು ಮಾಲಕನಿಗೆ ನಷ್ಟವೇ. ಆದರೂ ಬಿಟ್ಟರು, ಎಲ್ಲರೂ ಅಲ್ಲ, ತುಂಬ ಜನ ಬಿಟ್ಟರು. ಯಾಕೆ? ನಮ್ಮ ಸಮಾಜಗಳ ಸ್ಮರಣಸಂಚಿಕೆಗಳನ್ನು ಓದಿದರೆ ‘ವಿದ್ಯಾದಾನ’, ‘ಔದಾರ್ಯ’ ಎಂಬ ಶಬ್ದಗಳು ಸಿಗುತ್ತವೆ. ಇನ್ನೊಂದು ಕಡೆ, ಇದೆಲ್ಲ ಹುಡುಗರನ್ನು ಕಟ್ಟಿಹಾಕುವ ಉಪಾಯ, ಯೂನಿಯನ್ ಕಡೆಗೆ ಹೋಗದ ಹಾಗೆ ನೋಡಿಕೊಳ್ಳುವ ಜಾಣತನ ಎನ್ನುವವರೂ ಇದ್ದಾರೆ. ನನಗೆ ಎರಡೂ ಅರ್ಧ ಸತ್ಯ ಅನ್ನಿಸುತ್ತದೆ. ಗಲ್ಲಾದಲ್ಲಿ ಕುಳಿತವನು ಇಪ್ಪತ್ತು ವರ್ಷದ ಹಿಂದೆ ಅದೇ ಕಪ್ಪುಬಸಿ ತೊಳೆದವನು. ಹುಡುಗನ ಅಪ್ಪ ಅವನಿಗೆ ಊರಿನಲ್ಲಿ ಸಿಗುತ್ತಾನೆ, ಭೂತಕೋಲದಲ್ಲಿ, ಮದುವೆಯಲ್ಲಿ. ‘ನನ್ನ ಮಗ ಎಷ್ಟನೇ ಕ್ಲಾಸು?’ ಎಂದು ಕೇಳಿದರೆ ಉತ್ತರ ಕೊಡಬೇಕು. ಈ ಮುಖನೋಟದ ದಾಕ್ಷಿಣ್ಯ ಯಾವ ಇನ್‌ಸ್ಪೆಕ್ಟರನಿಗಿಂತಲೂ ಹೆಚ್ಚು ಕೆಲಸ ಮಾಡಿತು. ಊರಿನ ಸಂಬಂಧ ಇಲ್ಲದ ಮಾಲಕನ ಕೈಗೆ ಸಿಕ್ಕಿದ ಹುಡುಗನಿಗೆ ಅದೂ ಇಲ್ಲ.

ಆ ಮೂರು ಗಂಟೆಯಿಂದ ಎಷ್ಟೋ ಜನ ಬ್ಯಾಂಕ್ ಗುಮಾಸ್ತರಾದರು, ವಕೀಲರಾದರು, ಸ್ವಂತ ಹೋಟೆಲು ಹಾಕಿದರು. ಬಿಲ್ಲವರ ಅಸೋಸಿಯೇಶನ್ 1978ರಲ್ಲಿ ಭಾರತ್ ಬ್ಯಾಂಕ್ ಕಟ್ಟಿದ್ದು ಇಂಥ ದುಡಿಯುವವರ ಪುಡಿಗಾಸಿನ ನಂಬಿಕೆಯ ಮೇಲೆ. ಎಸ್ಸೆಸ್ಸೆಲ್ಸಿ ಮುಗಿಸದೆ ಬಿಟ್ಟವರು ಅದಕ್ಕಿಂತ ಹೆಚ್ಚು. ಆದರೆ ಬಿಟ್ಟವರೂ ಶಾಲೆಯ ಬಗ್ಗೆ ಕಣ್ಣರಳಿಸಿ ಮಾತಾಡುತ್ತಾರೆ. ಅಲ್ಲಿ ಅವರನ್ನು ‘ಏಯ್ ಮಾಣಿ’ ಅಂತ ಯಾರೂ ಕರೆಯುತ್ತಿರಲಿಲ್ಲ, ಹಾಜರಿ ಪುಸ್ತಕದಲ್ಲಿ ಅವರ ಪೂರ್ತಿ ಹೆಸರು, ತಂದೆಯ ಹೆಸರು ಇತ್ತು.

ಇಂಗ್ಲೆಂಡಿನಲ್ಲಿ 1967ರಿಂದ ಸರಕಾರಿ ನೌಕರರ ಮೇಲೆ ಒಂದು ದೊಡ್ಡ ಅಧ್ಯಯನ ನಡೆಯಿತು, ವೈಟ್‌ಹಾಲ್ ಅಧ್ಯಯನ ಅಂತ ಅದಕ್ಕೆ ಹೆಸರು. ಹೃದಯದ ಕಾಯಿಲೆಯಿಂದ ಸಾಯುವವರು ಜವಾಬ್ದಾರಿ ಹೊತ್ತ ದೊಡ್ಡ ಸಾಹೇಬರಿರಬೇಕು ಎಂದು ಎಲ್ಲರ ಊಹೆ. ಲೆಕ್ಕ ಹಾಕಿದರೆ ಉಲ್ಟಾ. ಕೆಳಗಿನ ದರ್ಜೆಯ ಜವಾನರು, ಗುಮಾಸ್ತರೇ ಹೆಚ್ಚು ಸಾಯುತ್ತಿದ್ದರು. ಬೀಡಿ ಸಿಗರೇಟು, ರಕ್ತದೊತ್ತಡ ಎಲ್ಲ ಕಳೆದು ನೋಡಿದರೂ ವ್ಯತ್ಯಾಸ ಪೂರ್ತಿ ಹೋಗಲಿಲ್ಲ. 1979ರಲ್ಲಿ ರಾಬರ್ಟ್ ಕರಾಸೆಕ್ ಎಂಬವರು ಇದಕ್ಕೆ ಹೊಂದುವ ಒಂದು ವಿವರಣೆ ಕೊಟ್ಟರು: ಕೆಲಸ ಜಾಸ್ತಿ ಇದ್ದರೆ ಮಾತ್ರ ಮನುಷ್ಯ ಕುಸಿಯುವುದಿಲ್ಲ, ಕೆಲಸ ಜಾಸ್ತಿ ಇದ್ದು ಅದನ್ನು ಹೇಗೆ, ಯಾವಾಗ ಮಾಡಬೇಕೆಂಬ ಅಧಿಕಾರ ಅವನ ಕೈಯಲ್ಲಿ ಇಲ್ಲದಿದ್ದರೆ ಕುಸಿಯುತ್ತಾನೆ. ನಮ್ಮ ಮಾಣಿಗೆ ಇಡೀ ದಿನದಲ್ಲಿ ತನ್ನದು ಎನ್ನುವ ಹೊತ್ತು ಇದ್ದದ್ದು ಆ ಮೂರು ತಾಸು ಮಾತ್ರ. ಅದಕ್ಕೇ ನಿದ್ದೆಗೆಟ್ಟು ಹೋಗುತ್ತಿದ್ದ. ಹೆಚ್ಚು ಕೆಲಸ ಮಾಡಿ ಹಗುರವಾಗುತ್ತಿದ್ದ ಅಂದರೆ ಕೇಳುವವರಿಗೆ ವಿಚಿತ್ರವೆನಿಸಬಹುದು.

ಶಾಲೆಯ ಹೊರತಾಗಿ ಯಕ್ಷಗಾನವಿತ್ತು. ಮುಂಬಯಿಯ ಹೋಟೆಲು ಹುಡುಗರು, ಗುಮಾಸ್ತರು ಸೇರಿ ಕಟ್ಟಿದ ಮೇಳಗಳು, ತಾಳಮದ್ದಲೆಯ ಕೂಟಗಳು ಎಷ್ಟೆಂದು ಲೆಕ್ಕವಿಟ್ಟವರಿಲ್ಲ. ಹಗಲು ‘ದೋ ಕಟಿಂಗ್’ ಎಂದು ಕೂಗಿದ ಗಂಟಲು ರಾತ್ರಿ ಅರ್ಜುನನದೋ ಕೌರವನದೋ ಆಗುತ್ತಿತ್ತು. ಶನಿವಾರ ಶನಿಪೂಜೆ, ಭಜನೆ. ಶನಿದೇವರಿಗೆ ಮುಂಬಯಿಯ ತುಳು–ಕನ್ನಡಿಗರಲ್ಲಿ ಊರಿಗಿಂತ ಹೆಚ್ಚು ಗೌರವ. ಪರವೂರಿನಲ್ಲಿ ಕಾಟ ಕೊಡುವವನನ್ನೇ ಮೊದಲು ಸಮಾಧಾನಪಡಿಸಬೇಕು ಎಂಬ ಲೆಕ್ಕಾಚಾರವೂ ಇರಬಹುದು. ಲಾಲಬಾಗ್, ಪರೇಲಿನ ಗಿರಣಿಯ ಮರಾಠಿಗರಿಗೂ ಅವರ ಭಜನಾ ಮಂಡಳಿ, ಗಣೇಶೋತ್ಸವ, ಕುಸ್ತಿಯ ಅಖಾಡ ಇದ್ದವು. ಎಲ್ಲರೂ ಭಜನೆಗೇ ಹೋದರು ಅಂತಲ್ಲ. ಪಾನನಿಷೇಧವಿದ್ದ ವರ್ಷಗಳಲ್ಲೂ ಗಲ್ಲಿಯ ಒಳಗೆ ಅಡ್ಡೆಗಳಿದ್ದವು, 60ರ ದಶಕದಿಂದ ಮಟಕಾ ಇತ್ತು. ಮನಿಯಾರ್ಡರ್ ನಿಂತುಹೋದ ಮನೆಗಳಿಗೆ ಈ ಚರಿತ್ರೆ ಚೆನ್ನಾಗಿ ಗೊತ್ತು.

ಊರಿಗೆ ಹೋಗಿಬರುವುದೇ ದೊಡ್ಡ ಔಷಧ, ಅದು ಸಿಗುತ್ತಿದ್ದದ್ದು ಎರಡು ಮೂರು ವರ್ಷಕ್ಕೊಮ್ಮೆ. ಕೊಂಕಣ ರೈಲು ಪೂರ್ತಿ ಓಡತೊಡಗಿದ್ದು 1998ರಲ್ಲಿ. ಅಲ್ಲಿಯವರೆಗೆ ಹಡಗು, ಆಮೇಲೆ ಘಾಟಿ ಇಳಿದು ಹತ್ತುವ ಬಸ್ಸು. ಹೋಗಿಬರುವುದರಲ್ಲೇ ರಜೆಯ ನಾಲ್ಕು ದಿನ ಖರ್ಚು.

ಇನ್ನು ಯೂನಿಯನ್ನಿನ ಮಾತು. ಇಲ್ಲೂ ನಮ್ಮ ಸೀಮೆಯವರದೇ ದೊಡ್ಡ ಹೆಸರು. ಡಾಕ್ ಕೆಲಸಗಾರರನ್ನು ಸಂಘಟಿಸಿದ ಪಿ. ಡಿಮೆಲ್ಲೊ ಮಂಗಳೂರು ಕಡೆಯವರು, ಬಂದರಿನ ಪಕ್ಕದ ಉದ್ದನೆಯ ರಸ್ತೆಗೆ ಇವತ್ತೂ ಅವರ ಹೆಸರೇ. ಅವರ ಗರಡಿಗೆ ಬಂದವರು ಜಾರ್ಜ್ ಫರ್ನಾಂಡಿಸ್. ಮಂಗಳೂರಿನಲ್ಲಿ 1930ರಲ್ಲಿ ಹುಟ್ಟಿ, ಪಾದ್ರಿಯಾಗಲು ಸೆಮಿನರಿಗೆ ಸೇರಿ, ಬಿಟ್ಟು, ಹತ್ತೊಂಬತ್ತನೇ ವಯಸ್ಸಿಗೆ ಮಂಗಳೂರಿನ ಬಸ್ಸು ಮತ್ತು ಹೋಟೆಲ್ ಕೆಲಸಗಾರರ ಪರವಾಗಿ ನಿಂತು, ಆಮೇಲೆ ಕೆಲಸ ಹುಡುಕಿಕೊಂಡು ಬೊಂಬಾಯಿಗೆ ಬಂದವರು. ಮೊದಮೊದಲು ಚೌಪಾಟಿಯ ಬೆಂಚಿನ ಮೇಲೆ ಮಲಗುತ್ತಿದ್ದರು, ನಡುರಾತ್ರಿ ಪೋಲೀಸ್ ಬಂದು ಎಬ್ಬಿಸುತ್ತಿದ್ದ ಎಂದು ಅವರೇ ಹೇಳಿಕೊಂಡಿದ್ದಾರೆ. ಟ್ಯಾಕ್ಸಿಯವರು, ನಗರಪಾಲಿಕೆಯವರು ಅವರ ಹಿಂದೆ ಬಂದರು. 1967ರಲ್ಲಿ ಎಸ್. ಕೆ. ಪಾಟೀಲರಂಥ ಘಟಾನುಘಟಿಯನ್ನು ಸೋಲಿಸಿದ್ದು ಈ ದುಡಿಯುವವರ ಬಲದಿಂದ.

1974ರ ರೈಲ್ವೆ ಮುಷ್ಕರವನ್ನು ಎಲ್ಲರೂ ಸಂಬಳ, ಬೋನಸ್ಸಿನ ಜಗಳ ಎಂದೇ ನೆನಪಿಟ್ಟುಕೊಂಡಿದ್ದಾರೆ. ಅದರಲ್ಲಿ ಎಂಟು ಗಂಟೆಯ ದುಡಿಮೆಯ ಬೇಡಿಕೆಯೂ ಇತ್ತು. ಇಂಜಿನ್ ಓಡಿಸುವವರು ಗಾಡಿ ಹತ್ತಿದರೆ ಯಾವಾಗ ಇಳಿಯುತ್ತಾರೆ ಎಂಬ ಲೆಕ್ಕವೇ ಇರಲಿಲ್ಲ. ಅವರು 1973ರಲ್ಲಿ ಮುಷ್ಕರ ಹೂಡಿ, ಪಾಳಿ 10 ಗಂಟೆ ಮೀರಬಾರದು ಎಂಬ ಒಪ್ಪಂದ ಮಾಡಿಕೊಂಡಿದ್ದರು. ಕಾಗದದ ಒಪ್ಪಂದ ಹಳಿಗೆ ಇಳಿಯಲಿಲ್ಲ. ಮರುವರ್ಷ ಮೇ 8ರಿಂದ 27ರವರೆಗೆ ಲಕ್ಷಾಂತರ ಜನ ಕೆಲಸ ನಿಲ್ಲಿಸಿದರು, ಸಾವಿರಾರು ಮಂದಿ ಜೈಲು ಸೇರಿದರು, ಮನೆಗಳಿಂದ ಹೊರದಬ್ಬಿಸಿಕೊಂಡರು. ಮುಷ್ಕರ ಮುರಿಯಿತು. ನಿದ್ದೆಗೆಟ್ಟ ಡ್ರೈವರ್ ಸಿಗ್ನಲ್ ದಾಟಿದರೆ ಗಾಡಿಯಲ್ಲಿ ಕುಳಿತ ನಮ್ಮ ಗತಿಯೇನು ಅಂತ ಆಗ ಕೇಳಿದವರು ಕಡಿಮೆ.

ಹೋಟೆಲಿನೊಳಗೆ ಮಾತ್ರ ಯೂನಿಯನ್ ಬೇರೂರಲು ಕಷ್ಟಪಟ್ಟಿತು. ಕಮ್ಯುನಿಸ್ಟರು ಪ್ರಯತ್ನ ಮಾಡಿದರು. ಆದರೆ ಮಾಲಕನೇ ಮಾವನೋ ಊರಿನ ಧನಿಯೋ ಆದರೆ ಮುಷ್ಕರ ಯಾರ ಮೇಲೆ ಮಾಡುವುದು? 1966ರಲ್ಲಿ ಶಿವಸೇನೆ ಹುಟ್ಟಿದ ಮೇಲೆ ಇನ್ನೊಂದು ತರದ ಹೆದರಿಕೆ ಸೇರಿಕೊಂಡಿತು. ಲುಂಗಿಯವರನ್ನು ಓಡಿಸಿ ಎಂಬ ಘೋಷಣೆ, ಉಡುಪಿ ಹೋಟೆಲುಗಳ ಮೇಲೆ ಕಲ್ಲು. ಕಲ್ಲು ಬಿದ್ದಾಗ ಗಲ್ಲಾದವನೂ ಕಪ್ಪುಬಸಿಯವನೂ ಶಟರಿನ ಹಿಂದೆ ಒಟ್ಟಿಗೇ ಕುಳಿತರು. ಒಳಗಿನ ಜಗಳ ಅಲ್ಲಿಗೆ ಮಾತಾಡದೆ ನಿಂತಿತು. ಮಾಲಕರಿಗೆ ಇದರಿಂದ ಲಾಭವೇ ಆಯಿತು ಎಂದರೆ ನಮ್ಮವರು ಕೆಲವರಿಗೆ ಸಿಟ್ಟು ಬರುತ್ತದೆ.

ಆಫೀಸಿನವರ ಸಂಕಟವೇ ಬೇರೆ. ಅವರಿಗೆ ಖೋಲಿ ಇತ್ತು, ಟೈ ಇತ್ತು, ಆದಿತ್ಯವಾರ ಇತ್ತು. ಆದರೂ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಇದನ್ನು ತಿಳಿಯಬೇಕಾದರೆ ಯಶವಂತ ಚಿತ್ತಾಲರ 1979ರ ‘ಶಿಕಾರಿ’ ಓದಬೇಕು. ಹನೇಹಳ್ಳಿಯಿಂದ ಬಂದ ಚಿತ್ತಾಲರು ತಾವೇ ಮುಂಬಯಿಯ ರಾಸಾಯನಿಕ ಉದ್ಯಮದಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು. ಅವರ ನಾಗಪ್ಪನೂ ಅಂಥದೇ ಒಂದು ಕಂಪನಿಯವನು. ತನ್ನ ಮೇಲಿನ ಆಪಾದನೆ ಏನೆಂಬುದೇ ಸರಿಯಾಗಿ ಗೊತ್ತಾಗದೆ ಸಸ್ಪೆಂಡ್ ಆಗುತ್ತಾನೆ. ಯಾರು ಮಿತ್ರ, ಯಾರು ಬೇಟೆಗಾರ ತಿಳಿಯುವುದಿಲ್ಲ. ಅಲ್ಲಿ ದುಡಿಮೆಯ ತಾಸುಗಳ ಲೆಕ್ಕವೇ ಇಲ್ಲ, ಇರುವುದೆಲ್ಲ ಭಯ. ನಮ್ಮ ಭಾಷೆಯಲ್ಲಿ ಕೆಲಸದ ಜಾಗದ ಒತ್ತಡದ ಬಗ್ಗೆ ಇದಕ್ಕಿಂತ ಒಳ್ಳೆಯ ಪುಸ್ತಕ ಬಂದದ್ದು ನನಗೆ ಗೊತ್ತಿಲ್ಲ. ಮ್ಯಾನೇಜ್‌ಮೆಂಟ್ ಗುರುಗಳ ‘ಒತ್ತಡ ನಿವಾರಣೆಗೆ ಏಳು ಸೂತ್ರ’ಗಳನ್ನು ಓದುವವರು ಇದನ್ನೊಮ್ಮೆ ಓದಬಾರದೇ ಅಂತ ಅನ್ನಿಸುತ್ತದೆ. ವ್ಯಾಸರಾಯ ಬಲ್ಲಾಳರ ‘ಬಂಡಾಯ’ ಕಾದಂಬರಿಯದೂ ಇದೇ ಮುಂಬಯಿ, ಕಾರ್ಮಿಕರ ಮತ್ತು ಆಡಳಿತದವರ ನಡುವಿನ ಜಗ್ಗಾಟ. ಅದಕ್ಕೆ 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಎರಡೂ ಊರಿನಲ್ಲಿ ಕುಳಿತು ಬರೆಯಲಾಗದ ಪುಸ್ತಕಗಳು.

ಹೀಗೆ ದುಡಿಮೆಯ ಭಾರದ ಬಗ್ಗೆ ಬರೆಯುವಾಗ ದುಡಿಮೆ ಇಲ್ಲದ ಭಾರವನ್ನು ಮರೆಯುವುದು ಸುಲಭ. 1982ರ ಜನವರಿ 18ರಂದು ಡಾ. ದತ್ತಾ ಸಾಮಂತರ ಮಾತಿನ ಮೇಲೆ ಸುಮಾರು ಎರಡೂವರೆ ಲಕ್ಷ ಗಿರಣಿ ಕೆಲಸಗಾರರು ಹೊರಬಂದರು. ಆ ಮುಷ್ಕರ ಮುಗಿಯಿತು ಎಂದು ಯಾರೂ ವಿಧಿಪೂರ್ವಕವಾಗಿ ಹೇಳಲೇ ಇಲ್ಲ. ಭೋಂಗಾ ನಿಂತಿತು. ಗಿರಣಿಯ ಎದುರಿನ ನಮ್ಮವರ ಸಣ್ಣ ಹೋಟೆಲುಗಳ ಉದ್ರಿಯ ಪುಸ್ತಕ ಹಾಗೇ ಉಳಿಯಿತು, ಎಷ್ಟೋ ಶಟರು ಶಾಶ್ವತವಾಗಿ ಕೆಳಗೆ ಬಂತು. ಪಾಳಿಗೆ ಶಾಪ ಹಾಕುತ್ತಿದ್ದವರು ಬೆಳಿಗ್ಗೆ ಎದ್ದು ಭೋಂಗಾ ಕೇಳಿಸದೆ ಕಂಗಾಲಾದರು. ಈಗ ಆ ಗಿರಣಿಗಳ ಜಾಗದಲ್ಲಿ ಗಾಜಿನ ಆಫೀಸು, ಮಾಲ್. ಬಿಜಾಪುರ, ಕಲಬುರ್ಗಿಯ ಕಡೆಯಿಂದ ಬಂದು ಬೆಳಿಗ್ಗೆ ನಾಕಾದಲ್ಲಿ ನಿಲ್ಲುವ ಗಾರೆ ಕೆಲಸದವರಿಗೆ ಲೋಖಂಡೆಯವರ ಆದಿತ್ಯವಾರ ಇವತ್ತಿಗೂ ತಲುಪಿಲ್ಲ. ಅವರಿಗೆ ರಜೆ ಅಂದರೆ ಮುಕಾದಮ ಕರೆಯದ ದಿನ, ಅವತ್ತು ಒಲೆ ಹೊತ್ತುವುದಿಲ್ಲ. ಅವರೂ ಕನ್ನಡವನ್ನೇ ಮಾತಾಡುತ್ತಾರೆ, ನಮ್ಮ ಸಂಘಗಳ ವಾರ್ಷಿಕೋತ್ಸವದಲ್ಲಿ ಮಾತ್ರ ಕಾಣಿಸುವುದಿಲ್ಲ.

ಇನ್ಫೋಸಿಸ್ ಹುಟ್ಟಿದ್ದು 1981ರಲ್ಲಿ ಪುಣೆಯಲ್ಲಿ. ಬೆಂಗಳೂರಿಗೆ ಹೋದದ್ದು ಆಮೇಲೆ. ಈಗ ಪುಣೆಯ ಹಿಂಜವಡಿಯ ಕಂಪನಿಗಳಲ್ಲಿ ಹುಬ್ಬಳ್ಳಿ, ಬೆಳಗಾವಿ, ಶಿವಮೊಗ್ಗದ ಹುಡುಗ ಹುಡುಗಿಯರು ತುಂಬಿದ್ದಾರೆ. ಅಮೆರಿಕದ ಹಗಲಿಗೆ ಇಲ್ಲಿ ರಾತ್ರಿ ಕೂರುತ್ತಾರೆ. ಗಂಟೆಯ ಲೆಕ್ಕದಲ್ಲಿ ಅವರ ದಿನ ಹಳೇ ಮಾಣಿಗಿಂತ ಗಿಡ್ಡವೇ ಇರಬಹುದು. ಆದರೆ ಆ ಮಾಣಿಗೆ ಆರೂವರೆಗೆ ಹೋಗಲು ಒಂದು ಜಾಗವಿತ್ತು, ಅಲ್ಲಿ ಅವನಂತೆಯೇ ದಣಿದ ಐವತ್ತು ಜನ ಇದ್ದರು. ಇವರಿಗೆ ಕಂಪನಿಯೇ ಕೌನ್ಸೆಲರ್ ಇಟ್ಟಿದೆ, ಯೋಗದ ಕ್ಲಾಸು ಇಟ್ಟಿದೆ, ಎರಡೂ ಕಂಪನಿಯ ಕಟ್ಟಡದಲ್ಲೇ. ಮೇಲಿನವರಿಗೆ ಗೊತ್ತಾದೀತು ಎಂದು ಕೌನ್ಸೆಲರ್ ಹತ್ತಿರ ಹೋಗದವರನ್ನು ನಾನು ಬಲ್ಲೆ. ಬೆಂಗಳೂರಿನಲ್ಲಿ 2024ರ ಜುಲೈನಲ್ಲಿ ಐಟಿ ಕಂಪನಿಗಳಿಗೆ ದಿನಕ್ಕೆ 14 ಗಂಟೆಯವರೆಗೆ ದುಡಿಸಲು ಅವಕಾಶ ಕೊಡುವ ಪ್ರಸ್ತಾಪ ಬಂದಾಗ ನೌಕರರ ಯೂನಿಯನ್ ಎದ್ದು ನಿಂತದ್ದು ನಿಮಗೇ ಗೊತ್ತು. ಇಲ್ಲಿ 2025ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರದ ಮಂತ್ರಿಮಂಡಲ ದಿನದ ಮಿತಿಯನ್ನು ಅಂಗಡಿ–ಆಫೀಸುಗಳಲ್ಲಿ 9ರಿಂದ 10ಕ್ಕೆ, ಕಾರ್ಖಾನೆಗಳಲ್ಲಿ 9ರಿಂದ 12ಕ್ಕೆ ಏರಿಸಲು ಒಪ್ಪಿತು. ನೂರು ವರ್ಷ ಇಳಿಯುತ್ತ ಬಂದ ಅಂಕಿ ಈಗ ಮೇಲಕ್ಕೆ ಮುಖ ಮಾಡಿದೆ.

ಕನ್ನಡ ರಾತ್ರಿಶಾಲೆಗಳು ಒಂದೊಂದಾಗಿ ಮುಚ್ಚುತ್ತ ಬಂದವು. ದುಃಖಪಡಬೇಕಾದ್ದೇನೂ ಅಲ್ಲ. ಕರಾವಳಿಯ ಮಕ್ಕಳು ಈಗ ಊರಿನಲ್ಲೇ ಓದುತ್ತಾರೆ, ಕಪ್ಪುಬಸಿ ತೊಳೆಯಲು ಬರುವುದಿಲ್ಲ. ಉಡುಪಿ ಹೋಟೆಲುಗಳ ಅಡಿಗೆಮನೆಯಲ್ಲಿ ಈಗ ದೋಸೆ ಹುಯ್ಯುವವರು ಉತ್ತರ ಪ್ರದೇಶ, ಬಿಹಾರ, ಒಡಿಶಾ, ನೇಪಾಳದ ಹುಡುಗರು. ಗಲ್ಲಾದಲ್ಲಿ ಕುಳಿತ ನಮ್ಮವರಿಗೆ ಅವರ ಊರು ಗೊತ್ತಿಲ್ಲ, ಅಪ್ಪನ ಹೆಸರು ಗೊತ್ತಿಲ್ಲ, ಮದುವೆಯಲ್ಲೋ ಜಾತ್ರೆಯಲ್ಲೋ ಆ ಅಪ್ಪ ಎದುರು ಸಿಗುವುದೂ ಇಲ್ಲ. ಮಧ್ಯಾಹ್ನ ಮೂರಕ್ಕೆ ಶಟರು ಅರ್ಧ ಇಳಿಸಿದಾಗ ಬಗ್ಗಿ ನೋಡಿದರೆ, ಒದ್ದೆ ನೆಲದ ಆಚೆ ಸಾಲಾಗಿ ಮಲಗಿ, ಮೊಬೈಲನ್ನು ಎದೆಯ ಮೇಲೆ ನಿಲ್ಲಿಸಿಕೊಂಡು ಮನೆಯವರ ಜೊತೆ ಮಾತಾಡುತ್ತಿರುತ್ತಾರೆ. ಐದಕ್ಕೆ ಗಿರಾಕಿ ಬರುತ್ತಾರೆ.